ಠಾಣೆ ವಿಷಯ: ಜನ ಕಮ್ಮಿ ಸರಿ, ಕೆನ್ನೆಗೆ ಹೊಡ್ದದ್ದು ಯಾಕೆ? (ಮಂಗಳೂರು, ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪು)

ಶುಕ್ರವಾರ

ಅಡ್ಮಿನ್ (2ನೇ ಕ್ರಾಸ್), ರಾತ್ರಿ 8:12
ಎಲ್ಲರಿಗೂ ನಮಸ್ಕಾರ. ಗುಡ್ ಮಾರ್ನಿಂಗ್ ಹೂವು, ದೇವರ ಫೋಟೊ, ಬಿರಿಯಾನಿ ಆಫರು ಎಲ್ಲ ಎರಡು ದಿನ ನಿಲ್ಸಿ ಆಯ್ತಾ. ವಿಷಯ ಎರಡುಂಟು. ದೀಪಾವಳಿ ಕಳೆದ ಮೇಲೆ ನಮ್ಮ ಮೂರು ಕ್ರಾಸಲ್ಲಿ ಬೀಗ ಹಾಕಿದ ಮನೆ ಎರಡು ಒಡ್ದಿದ್ದಾರೆ, ಈಗ ಬೈಕ್ ಒಂದು ಹೋಯ್ತು. ಇನ್ನೊಂದು, ಆ ಬೈಕಿನ ಕಂಪ್ಲೇಂಟ್ ಕೊಡ್ಲಿಕ್ಕೆ ಹೋದ ಬಾವಿಕಟ್ಟೆ ಮನೆ ಹುಡುಗನಿಗೆ ಠಾಣೆಯಲ್ಲಿ ಪೆಟ್ಟು ಬಿದ್ದಿದೆ ಅಂತ ಸುದ್ದಿ. ಆದಿತ್ಯವಾರ ಸಂಜೆ 5ಕ್ಕೆ ಗಣಪತಿ ಕಟ್ಟೆ ಹತ್ರ ಸೇರುವ. ಅಷ್ಟರೊಳಗೆ ಗೊತ್ತಿದ್ದವ್ರು ಗೊತ್ತಿದ್ದದ್ದು ಮಾತ್ರ ಬರೀರಿ.

ಫ್ಲಾಟ್ 304, 8:20
ಪೆಟ್ಟು ಬಿದ್ದಿದೆ ಅಂದ್ರೆ? ಇವ ಎಂತ ಮಾತಾಡಿದ ಅಂತಲೂ ನೋಡ್ಬೇಕಲ್ಲ. ಒಂದು ಕೈಯಲ್ಲಿ ಚಪ್ಪಾಳೆ ಆಗುದಿಲ್ಲ.

ಪಿಜಿ ಓನರ್, 8:21
ಕುಡ್ದು ಹೋಗಿದ್ದ ಅಂತ ಯಾರೋ ಹೇಳಿದ್ರಪ್ಪ ನಂಗೆ

ಬಾವಿಕಟ್ಟೆ ಮನೆ, 9:03
ನಾನು ಹುಡುಗನ ಅಮ್ಮ. ಬರೆಯುದು ಬೇಡ ಅಂತ ಇವ್ರು ಹೇಳ್ತಾ ಇದ್ದಾರೆ ಆದ್ರೆ ಊರಿಡೀ ಒಂದೊಂದು ಕತೆ ಆಗ್ತಾ ಉಂಟು ಅದಕ್ಕೆ ಬರೀತಿದ್ದೇನೆ. ಕುಡ್ದಿರ್ಲಿಲ್ಲ. ಬುಧವಾರ ರಾತ್ರಿ ಡ್ಯೂಟಿ ಮುಗ್ಸಿ ಹತ್ತೂವರೆಗೆ ಬಂದು ಬೈಕ್ ಗೇಟಿನ ಹೊರಗೆ ಇಟ್ಟಿದ್ದ, ಗಂಜಿ ಊಟ ಮಾಡಿ ಕೈ ತೊಳೀಲಿಕ್ಕೆ ಹೊರಗೆ ಬಂದ್ರೆ ಬೈಕ್ ಇಲ್ಲ. ಆಗ್ಲೇ ಹೋದ. ಠಾಣೆಯಲ್ಲಿ ಇಬ್ರೇ ಇದ್ದದ್ದಂತೆ, ಒಬ್ರು ಬಾಗಿಲಲ್ಲಿ ಸೆಂಟ್ರಿ, ಒಬ್ರು ಮೇಜಿನಲ್ಲಿ. ರೈಟರ್ (ದೂರು ಬರ್ಕೊಳ್ಳುವವ್ರು) ಇಲ್ಲ ಬೆಳಿಗ್ಗೆ ಬಾ ಅಂದ್ರಂತೆ. ಇವ ಒಂದು ಚೀಟಿ ಆದ್ರೂ ಕೊಡಿ ಸರ್, ಲೋನ್ ಇನ್ನೂ ಹನ್ನೊಂದು ಕಂತು ಉಂಟು, ಇನ್ಶೂರೆನ್ಸಿನವ್ರು ಕೇಳ್ತಾರೆ ಅಂದಿದ್ದಾನೆ. ಅಷ್ಟಕ್ಕೆ ನಂಗೆ ಕಾನೂನು ಕಲಿಸ್ತೀಯಾ ಅಂತ ಎದ್ದು ಬಂದು ಕೆನ್ನೆಗೆ. ಮನೆಗೆ ಬಂದು ನಮ್ಮ ಹತ್ರ ಹೇಳ್ಳೇ ಇಲ್ಲ, ಬೈಕ್ ಹೋದ ಬೇಜಾರಲ್ಲಿ ಮಲಗಿದ ಅಂತ ನಾವು. ಬೆಳಿಗ್ಗೆ ಚಾ ಹಿಡ್ಕೊಂಡು ಕರೀತೇನೆ, ಕರೀತೇನೆ, ತಿರುಗುದೇ ಇಲ್ಲ. ನಾನು ನಿಂತದ್ದು ಅವನ ಎಡದ ಬದಿಗೆ. ಬಲದ ಬದಿಗೆ ಹೋಗಿ ಕರೆದೆ, ತಿರುಗಿದ. ಆಗ ನೋಡಿದ್ದು, ಮೂರು ಬೆರಳು ಹಾಗೇ ಎದ್ದಿದೆ ಎಡ ಕೆನ್ನೆಯಲ್ಲಿ. ಹತ್ತೊಂಬತ್ತು ವರ್ಷ ಅವನಿಗೆ. ನಾನು ಕೂಡ ಇಷ್ಟು ವರ್ಷದಲ್ಲಿ ಮುಖಕ್ಕೆ ಹೊಡೀಲಿಲ್ಲ.

ಟೀಚರಮ್ಮ (1ನೇ ಕ್ರಾಸ್), 9:10
ಅಕ್ಕ ಮೊದಲು ಅವನ ಕಿವಿ ತೋರ್ಸಿ. ಉಳಿದದ್ದೆಲ್ಲ ಕಡೆಗೆ.

ವಕೀಲ್ರು (3ನೇ ಕ್ರಾಸ್), 9:14
ನಾಳೆ ಬೆಳಿಗ್ಗೆಯೇ ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇಎನ್‌ಟಿಗೆ ತೋರ್ಸಿ, ಹೇಗಾಯ್ತು ಅಂತ ಕೇಳಿದ್ರೆ ಬಿದ್ದೆ ಗಿದ್ದೆ ಅಂತ ಹೇಳ್ಬೇಡಿ, ಇದ್ದದ್ದೇ ಹೇಳಿ, ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ ಅಂದ್ರೆ ಎಂಎಲ್‌ಸಿ ಮಾಡ್ಸಿ. ಪ್ರೈವೇಟ್ ಕ್ಲಿನಿಕ್ಕಲ್ಲಿ ಡ್ರಾಪ್ಸ್ ತಗೊಂಡು ಬಂದ್ರೆ ನಾಳೆ ದಾಖಲೆ ಅಂತ ಎಂತದೂ ಇರುದಿಲ್ಲ. ಕೆನ್ನೆಯ ಫೋಟೊ ಈಗ್ಲೇ ತೆಗ್ದಿಡಿ. ಗ್ರೂಪಿಗೆ ಹಾಕ್ಬೇಡಿ.

ಫ್ಲಾಟ್ 304, 9:31
ಅಕ್ಕ ಸಾರಿ, ನಂಗೆ ಗೊತ್ತಿರ್ಲಿಲ್ಲ. ಆದ್ರೂ ಒಂದು ಮಾತು, ತಪ್ಪು ತಿಳ್ಕೊಳ್ಬೇಡಿ, ಸ್ಟಾಫೇ ಇಲ್ಲ ಅವರ ಹತ್ರ. ಇಬ್ರು ಇಡೀ ಠಾಣೆ ನೋಡ್ಕೊಳ್ಳುದು ಅಂದ್ರೆ ಯಾರಿಗೂ ಮಂಡೆ ಬಿಸಿ ಆಗ್ತದೆ. ನಾವು ಅವರ ಮೇಲೆ ಕಂಪ್ಲೇಂಟ್ ಹಾಕಿದ್ರೆ ನಾಳೆ ಕಳ್ಳ ಬಂದ ಅಂತ ಫೋನ್ ಮಾಡಿದ್ರೆ ಬರ್ತಾರಾ?

ಟೀಚರಮ್ಮ, 9:38
ನಂಗೆ ಒಂದು ವರ್ಷ 62 ಮಕ್ಕಳ ಕ್ಲಾಸು, ಒಬ್ಳೇ. ಮಂಡೆ ಬಿಸಿ ಆಗ್ತಿತ್ತು ಹೌದು. ಪೆಟ್ಟು ಕೊಟ್ಟದ್ದೂ ಉಂಟು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮಕ್ಕಳು ಜಾಸ್ತಿ ಇದ್ದ ಕಾರಣ ಹೊಡ್ದೆ ಅಂತ ಹೇಳಿದ್ರೆ ಹೆಡ್‌ಮಾಸ್ಟ್ರು ಒಪ್ತಿರ್ಲಿಲ್ಲ. ಜನ ಕಮ್ಮಿ ಆದ್ರೆ ಕೆಲಸ ತಡ ಆಗ್ಬೇಕು. ಕೈ ಯಾಕೆ ಬೇಗ ಬರುದು?

ಅಂಗಡಿ ಅಣ್ಣ, 9:40
👏👏

ಹೆಡ್ ಮಾಮ (ರಿಟೈರ್ಡ್), 10:02
ನಾನು 34 ವರ್ಷ ಇದೇ ಇಲಾಖೆಯ ಅನ್ನ ತಿಂದವ, ಹೆಡ್ ಕಾನ್ಸ್‌ಟೇಬಲ್ ಆಗಿ ಹೊರಗೆ ಬಂದದ್ದು. ಆದ ಕಾರಣ ಎರಡೂ ಬದಿಯದ್ದು ಹೇಳ್ತೇನೆ. ಜನ ಕಮ್ಮಿ ಅನ್ನುದು ಸುಳ್ಳಲ್ಲ. ಆದ್ರೆ ಕಮ್ಮಿ ಹೇಗೆ ಆಗುದು ಅಂತ ತಿಳ್ಕೊಳ್ಳಿ. ಒಂದು, ಭರ್ತಿ ಆಗುದಿಲ್ಲ. ಪಿಎಸ್ಐ (ಸಬ್ ಇನ್ಸ್‌ಪೆಕ್ಟರ್) 545 ಹುದ್ದೆಗೆ 2021ರ ಅಕ್ಟೋಬರಲ್ಲಿ ಪರೀಕ್ಷೆ ಆಯ್ತು, ಅಕ್ರಮ ಅಂತ 2022ರ ಏಪ್ರಿಲಲ್ಲಿ ರದ್ದು, ನೇಮಕಾತಿ ನೋಡ್ತಿದ್ದ ಎಡಿಜಿಪಿಯೇ ಅರೆಸ್ಟು, ಮರು ಪರೀಕ್ಷೆ ಆಗುವಾಗ 2024ರ ಜನವರಿ. ಇಷ್ಟು ವರ್ಷ ಆ ಖುರ್ಚಿಯಲ್ಲಿ ಯಾರು ಕೂತದ್ದು? ಎಎಸ್ಐಗಳು. ಎಎಸ್ಐ ಕೆಲಸಕ್ಕೆ ಹೆಡ್ಡು, ಹೆಡ್ಡಿನ ಕೆಲಸಕ್ಕೆ ಪಿಸಿ (ಕಾನ್ಸ್‌ಟೇಬಲ್), ಪಿಸಿ ಕೆಲಸಕ್ಕೆ ಹೋಂಗಾರ್ಡು. ಎರಡು, ಓಓಡಿ. ಪೇಪರಲ್ಲಿ ನಮ್ಮ ಠಾಣೆಯ ಸಿಬ್ಬಂದಿ, ಸಂಬಳ ಇಲ್ಲಿಂದಲೇ, ಆದ್ರೆ ಆಸಾಮಿ ಕೆಲಸ ಮಾಡುದು ಇನ್ನೆಲ್ಲೋ. ಯಾವುದೋ ಆಫೀಸಲ್ಲಿ ಕಂಪ್ಯೂಟರ್, ಯಾರದ್ದೋ ಡ್ರೈವರ್. ಉಳಿದವರಲ್ಲಿ ಕೋರ್ಟ್ ಡ್ಯೂಟಿ, ಸಮನ್ಸ್, ಪಾಸ್‌ಪೋರ್ಟ್ ವೆರಿಫಿಕೇಶನ್, ಕೈದಿ ಎಸ್ಕಾರ್ಟ್ ಕಳೀರಿ. ಈಗ ಸೀಸನ್ ಶುರು ಆಯ್ತು, ಕೋಲ, ಕಂಬಳ, ಜಾತ್ರೆ, ಬಯಲಾಟ, ಯಾವುದಕ್ಕೂ ಬಂದೋಬಸ್ತ್. ಮಂತ್ರಿ ಬಜ್ಪೆ ಏರ್‌ಪೋರ್ಟಲ್ಲಿ ಇಳಿದ್ರೆ ದಾರಿಯುದ್ದಕ್ಕೂ ಜನ ನಿಲ್ಸ್ಬೇಕು. ರಾತ್ರಿ ಬೀಟಿಗೆ, ಅಂದ್ರೆ ಗಸ್ತಿಗೆ, ಯಾರು ಉಳಿದ್ರು? ಇನ್ನೊಂದು ಬದಿಯದ್ದು ನಾಳೆ ಹೇಳ್ತೇನೆ, ಕಣ್ಣು ಕಾಣುದಿಲ್ಲ ರಾತ್ರಿ ಟೈಪ್ ಮಾಡ್ಲಿಕ್ಕೆ.

ದುಬೈ ಮನೆ, 10:15
ಮತ್ತೆ ಅದೇನೋ 248 ಜನ ಬಂದ್ರಲ್ಲ ಹೊಸ ಪಡೆ, ನ್ಯೂಸಲ್ಲಿ ನೋಡಿದ್ದೆ. ಅವ್ರೆಲ್ಲಿ?

ಹೆಡ್ ಮಾಮ, 10:17
ಅದು ವಿಶೇಷ ಕಾರ್ಯಪಡೆ, 2025ರ ಜೂನಲ್ಲಿ ಆದದ್ದು. ನಕ್ಸಲ್ ನಿಗ್ರಹ ಪಡೆಯಿಂದ ಜನ ತೆಗ್ದು ಮಾಡಿದ್ದು, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮೂರು ಜಿಲ್ಲೆಗೆ. ಕೋಮು ಗಲಾಟೆಗೆ ಇರುದು ಅದು. ನಿಮ್ಮ ಬೈಕ್ ಹುಡುಕ್ಲಿಕ್ಕೆ ಅಲ್ಲ.

ರಿಕ್ಷಾ ಅಣ್ಣ, 10:19
ಟೊಪ್ಪಿ ಮಾತ್ರ ಹೊಸದು ಬಂದಿದೆ ಎಲ್ಲರಿಗೂ, ಸ್ಲೋಚ್ ಹೋಗಿ ನೀಲಿ ಕ್ಯಾಪ್. ಲಾಯ್ಕುಂಟು ನೋಡ್ಲಿಕ್ಕೆ

ಕೆಳಗಿನ ಮನೆ, 10:24
ಇವರದ್ದೆಲ್ಲ ಗೊತ್ತುಂಟು ನಮ್ಗೆ. 2019ರ ಡಿಸೆಂಬರ್ 19 ಮರ್ತು ಹೋಯ್ತಾ? ಸಿಎಎ ಪ್ರತಿಭಟನೆ ದಿನದ ಗೋಲಿಬಾರಲ್ಲಿ ಎರಡು ಜೀವ ಹೋಯ್ತು

ಅಡ್ಮಿನ್, 10:25
ಅಣ್ಣ ಕೈ ಮುಗೀತೇನೆ. ಮರೀಲಿಲ್ಲ ಯಾರೂ. ಆದ್ರೆ ಅದನ್ನು ಇಲ್ಲಿ ತೆಗ್ದ್ರೆ ಐದು ನಿಮಿಷದಲ್ಲಿ ಗ್ರೂಪ್ ಎರಡಾಗ್ತದೆ, ಹುಡುಗನ ವಿಷಯ ಎಲ್ಲಿಗೋ ಹೋಗ್ತದೆ. ಇವತ್ತಿಗೆ ಬಂದ್ ಮಾಡ್ತೇನೆ, ಶುಭರಾತ್ರಿ.

ಶನಿವಾರ

ಅಂಗಡಿ ಅಣ್ಣ, ಬೆಳಿಗ್ಗೆ 7:05
ಒಂದು ವಿಷಯ ನೋಡಿ. ನನ್ನ ಅಂಗಡಿ ಎದುರು ಕಂಬಕ್ಕೆ ತಂತಿಯಲ್ಲಿ ಕಟ್ಟಿದ ಡಬ್ಬಿ ಉಂಟಲ್ಲ, ಬೀಟಿನವರು ಸೈನ್ ಹಾಕುವ ಪುಸ್ತಕ ಇಡುದು. ಇವತ್ತು ಮುಚ್ಚಳ ತೆಗ್ದು ನೋಡಿದೆ. ಹದಿನಾಲ್ಕು ದಿನದ ಸೈನ್ ಒಂದೇ ಪೆನ್ನು, ಒಂದೇ ಕೈ, ಟೈಮ್ ಎಲ್ಲದಕ್ಕೂ 1:15. ಒಂದಿನ 1:10 ಅಲ್ಲ, 1:20 ಅಲ್ಲ. ಕೊನೇ ಸೈನಿನ ತಾರೀಕು ನಾಳೆಯದ್ದು!!

ರಿಕ್ಷಾ ಅಣ್ಣ, 7:06
😂😂 ನಾಳೆ ಕೂಡ ಬಂದು ಹೋಗಿದ್ದಾರೆ ಪಾಪ

ಹೆಡ್ ಮಾಮ, 7:40
ನಗ್ಬೇಡಿ, ನಾನೂ ಹಾಕಿದ್ದೇನೆ ಹಾಗೆ. ಒಬ್ಬನಿಗೆ ಮೂರು ಬೀಟ್ ಕೊಟ್ರೆ ಇನ್ನೆಂತ ಮಾಡುದು, ಮೇಲಿನವ್ರಿಗೆ ಪುಸ್ತಕ ತುಂಬಿದ್ರೆ ಆಯ್ತು. ಆ ಪುಟದ ಫೋಟೊ ತೆಗ್ದಿಟ್ಕೊಳ್ಳಿ. ಆದ್ರೆ ಸೈನ್ ಹಾಕಿದ ಪಾಪದ ಪಿಸಿಯನ್ನು ಸಸ್ಪೆಂಡ್ ಮಾಡ್ಸುದಾ, ಮೂರು ಬೀಟ್ ಯಾಕೆ ಒಬ್ಬನಿಗೆ ಅಂತ ಕೇಳುದಾ, ಅದು ನಿಮ್ಗೆ ಬಿಟ್ಟದ್ದು.
ನಿನ್ನೆ ಹೇಳ್ಬೇಕಂತ ಇದ್ದದ್ದು: ಹೊಡೆಯುದು ಸುಸ್ತಿನಿಂದ ಅಲ್ಲ. ನಾನು ನೋಡಿದ್ದೇನೆ, ಎರಡು ರಾತ್ರಿ ನಿದ್ದೆ ಇಲ್ಲದವ ಕೂಡ ಕಾರಲ್ಲಿ ಬಂದವನಿಗೆ ಎದ್ದು ಖುರ್ಚಿ ಕೊಡ್ತಾನೆ. ಸುಸ್ತು ಆಗ ಎಲ್ಲಿಗೆ ಹೋಯ್ತು? ಬೈಕಿನ ಹುಡುಗ, ಟೀ ಶರ್ಟು, ಕಂಪೆನಿ ಬ್ಯಾಗು, ಇವನಿಗೆ ಹೊಡ್ದ್ರೆ ಕೇಳುವವರಿಲ್ಲ ಅಂತ ಗೊತ್ತುಂಟು, ಹಾಗೆ ಹೊಡೆಯುದು.

4ನೇ ಮನೆ ಮಾಮ, 8:02
ನನ್ನ ಮಗಳು ಡಬ್ಲ್ಯುಪಿಸಿ (ಮಹಿಳಾ ಕಾನ್ಸ್‌ಟೇಬಲ್), ಬೇರೆ ಠಾಣೆ. ಮೊನ್ನೆ ಬಂದೋಬಸ್ತಲ್ಲಿ ಬೆಳಿಗ್ಗೆ 6ಕ್ಕೆ ನಿಂತವಳು ರಾತ್ರಿ 11ಕ್ಕೆ ಮನೆಗೆ. ಹತ್ತಿರ ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯುದೇ ಇಲ್ಲ ಅವಳು ಪಾಯಿಂಟ್ ಡ್ಯೂಟಿ ದಿನ. ವಾರದ ರಜೆ ಪಟ್ಟಿಯಲ್ಲಿ ಮಾತ್ರ ಉಂಟು. ಅದನ್ನೂ ಮನವಿಯಲ್ಲಿ ಬರೀರಿ, ಆಗ ನಾನು ಸೈನ್ ಹಾಕ್ತೇನೆ. ಹುಡುಗನಿಗೆ ಹೊಡ್ದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಫ್ಲಾಟ್ ಕ್ಯಾಶಿಯರ್ (201), 10:30
ಪ್ರ್ಯಾಕ್ಟಿಕಲ್ ಆಗಿ ಹೇಳ್ತೇನೆ. ಠಾಣೆಯಿಂದ ಮೊದಲೇ ಒಮ್ಮೆ ಕೇಳಿದ್ರು, ನೀವು ಕ್ಯಾಮೆರಾ ಹಾಕ್ಸಿ, ನಾಲ್ಕು ಬ್ಯಾರಿಕೇಡ್ ಸ್ಪಾನ್ಸರ್ ಮಾಡಿ, ಗಸ್ತು ಜಾಸ್ತಿ ಮಾಡುವ ಅಂತ. ಮನೆಗೆ 2000 ಹಾಕಿದ್ರೆ ಆಗ್ತದೆ. ಈ ಹುಡುಗನ ವಿಷಯ ಮಾತಾಡಿ ಮುಗ್ಸಿ, ಒಳ್ಳೆ ಸಂಬಂಧ ಇಟ್ಕೊಂಡ್ರೆ ನಮ್ಗೇ ಒಳ್ಳೇದು.

ಟೀಚರಮ್ಮ, 10:36
ಬ್ಯಾರಿಕೇಡಲ್ಲಿ ಪೊಲೀಸ್ ಅಂತ ಸಣ್ಣಕ್ಕೆ, ಚಿನ್ನದ ಅಂಗಡಿ ಹೆಸ್ರು ದೊಡ್ಡಕ್ಕೆ ಇರುದು ನೋಡಿ ನೋಡಿ ಸಾಕಾಗಿದೆ. ನಮ್ಮ ಬಡಾವಣೆ ಹೆಸ್ರೂ ಬರ್ಬೇಕಾ ಈಗ

ಹೆಡ್ ಮಾಮ, 10:50
ಕ್ಯಾಶಿಯರ್ ಸಾರ್, ಇದು ಬೇಡ. ಪೊಲೀಸ್ ಅನ್ನುದು ರಾಜ್ಯ ಸರಕಾರದ ಖರ್ಚು, ಗೃಹ ಇಲಾಖೆ ಬಜೆಟ್. ಕಾರ್ಪೊರೇಶನ್ ಕೂಡ ಕೊಡುದಿಲ್ಲ, ಅವರದ್ದು ದಾರಿದೀಪ ಅಷ್ಟೇ (ಅದೂ 3ನೇ ಕ್ರಾಸಲ್ಲಿ ಉರಿಯುದಿಲ್ಲ). ನಮ್ಮ ಕಾಲದಲ್ಲಿ ದೂರು ಕೊಡ್ಲಿಕ್ಕೆ ಬಂದವನ ಹತ್ರ ಎ4 ಕಟ್ಟು ಒಂದು ತಂದು ಕೊಡಿ ಅಂತ ಹೇಳುದಿತ್ತು, ಪೇಪರಿಗೆ ಬರುವ ದುಡ್ಡು ಸಾಕಾಗುದಿಲ್ಲ ಅಂತ. ಅದು ಸತ್ಯ ಕೂಡ. ಆದ್ರೆ ಎ4 ತಂದು ಕೊಟ್ಟವನ ಪಿಟಿಷನ್ ಮೇಲೆ, ತಾರದವನದ್ದು ಅಡಿಗೆ. ನೀವು 2000ದ ಹಾಗೆ ಹಾಕಿದ್ರೆ ಗಸ್ತು ನಿಮ್ಮ ಫ್ಲಾಟಿನ ಗೇಟಿಗೆ ಬರ್ತದೆ, ಬಾವಿಕಟ್ಟೆ ಓಣಿಗೆ ಬರುದಿಲ್ಲ. ನಾಳೆ ನಿಮ್ಮ ಮೇಲೆಯೇ ಕಂಪ್ಲೇಂಟ್ ಬಂದ್ರೆ ಅವ್ರೂ ಮಾತಾಡುವ ಹಾಗಿಲ್ಲ, ನೀವೂ ಮಾತಾಡುವ ಹಾಗಿಲ್ಲ.

ಕ್ಯಾಶಿಯರ್ (201), 10:58
ಲಂಚ ಅಲ್ವಲ್ಲ ಇದು ಮಾಮ, ರಶೀದಿ ಸಮೇತ ಕೊಡುವ

ವಕೀಲ್ರು, 11:20
ನಿಮ್ಮ ರಸ್ತೆಗೆ ನೀವು ಕ್ಯಾಮೆರಾ ಹಾಕಿ, ನಿಮ್ಮ ಹತ್ರವೇ ಇಟ್ಕೊಳ್ಳಿ, ಅದಕ್ಕೆ ಯಾರೂ ಬೇಡ ಹೇಳುದಿಲ್ಲ. ಠಾಣೆಗೆ ಕೊಟ್ಟು ಗಸ್ತು ತಗೊಳ್ಳುದು ಬೇರೆ ಲೆಕ್ಕ. 2018ರ ತಿದ್ದುಪಡಿ ಆದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವನೂ ಆರೋಪಿಯೇ. ಒತ್ತಾಯದಿಂದ ಕೊಡ್ಬೇಕಾಗಿ ಬಂದ್ರೆ ಏಳು ದಿನದೊಳಗೆ ಹೋಗಿ ಹೇಳ್ಬೇಕು. ಇದು ಲಂಚ ಅಂತ ನಾನು ಹೇಳುದಿಲ್ಲ, ಗೆರೆ ಹತ್ತಿರ ಉಂಟು ಅಂತ ಮಾತ್ರ.

ಈಗ ಹುಡುಗನ ವಿಷಯ. ಎರಡು ಬೇರೆ ಬೇರೆ ಮಾಡಿ.

ಬೈಕ್ ಕಳವು ಸಂಜ್ಞೇಯ ಅಪರಾಧ, ಅಂದ್ರೆ ಕೋರ್ಟ್ ಕೇಳದೆ ಪೊಲೀಸರೇ ತನಿಖೆ ಮಾಡುವಂಥದ್ದು. ಅದಕ್ಕೆ ಎಫ್ಐಆರ್ ಹಾಕ್ಲೇಬೇಕು, 2013ರಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜಿಗಳ ಪೀಠ ಹೇಳಿದ್ದು. ಈಗ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 173 ಪ್ರಕಾರ ಫೋನಿನಲ್ಲಿ, ಅಂದ್ರೆ ಎಲೆಕ್ಟ್ರಾನಿಕ್ ಆಗಿ ಕೂಡ ದೂರು ಕಳ್ಸ್ಬಹುದು, ಮೂರು ದಿನದೊಳಗೆ ಹೋಗಿ ಸೈನ್ ಹಾಕ್ಬೇಕು. ಯಾವ ಠಾಣೆಯಲ್ಲೂ ಕೊಡ್ಬಹುದು, ನಮ್ಮ ಹದ್ದು ಅಲ್ಲ ಅಂತ ವಾಪಸ್ ಕಳ್ಸುವ ಹಾಗಿಲ್ಲ. ಎಫ್ಐಆರ್ ಪ್ರತಿ ದೂರುದಾರನಿಗೆ ಫ್ರೀ. ಪಿಟಿಷನ್ ಅಂತ ತಗೊಂಡು ಹಿಂಬರಹ ಕೊಟ್ಟು ಸಾಗ ಹಾಕಿದ್ರೆ ಒಪ್ಕೊಳ್ಬೇಡಿ. ತಗೊಳ್ಳಿಲ್ಲ ಅಂದ್ರೆ ಪೋಸ್ಟಲ್ಲಿ ಎಸ್ಪಿಗೆ ಕಳ್ಸುದು, ನಮ್ಮದು 2010ರಿಂದ ಕಮಿಷನರೇಟ್ ಆದ ಕಾರಣ ಪಾಂಡೇಶ್ವರದ ಕಮಿಷನರ್ ಆಫೀಸಿಗೆ. ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್.

ಪೆಟ್ಟಿನದ್ದು: ಮುಖ್ಯ ಸಾಕ್ಷಿ ಠಾಣೆಯ ಒಳಗಿನ ಸಿಸಿಟಿವಿ. 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬಾಗಿಲು, ರಿಸೆಪ್ಶನ್, ಲಾಕಪ್, ಇನ್ಸ್‌ಪೆಕ್ಟರ್ ರೂಮ್ ಎಲ್ಲ ಕಡೆ ಇರ್ಬೇಕು, ಧ್ವನಿ ಕೂಡ ರೆಕಾರ್ಡ್ ಆಗ್ಬೇಕು, 18 ತಿಂಗಳು ಉಳಿಸ್ಬೇಕು, ಅಷ್ಟು ಆಗದಿದ್ರೆ ಕಮ್ಮಿಯಲ್ಲಿ ಒಂದು ವರ್ಷ. ಕ್ಯಾಮೆರಾ ಹಾಳಾಗಿದೆ ಅನ್ನುವ ಉತ್ತರ ದೇಶದಲ್ಲಿ ಎಷ್ಟು ಸಾಮಾನ್ಯ ಅಂದ್ರೆ 2025ರ ಸೆಪ್ಟೆಂಬರಲ್ಲಿ ಕೋರ್ಟ್ ತಾನಾಗಿಯೇ ಕೇಸ್ ತಗೊಂಡಿತು. ಹಾಗಾಗಿ ಸೋಮವಾರವೇ ಲೆಟರ್ ಹೋಗ್ಬೇಕು: ಬುಧವಾರ ರಾತ್ರಿ 11ರಿಂದ 12ರ ಫುಟೇಜ್ ಅಳಿಸದೆ ತೆಗ್ದಿಡಿ ಅಂತ. ಕೊಡಿ ಅಂತ ಅಲ್ಲ, ತೆಗ್ದಿಡಿ ಅಂತ. ಆಮೇಲೆ ಇಲ್ಲ ಅಂದ್ರೆ ಯಾಕೆ ಇಲ್ಲ ಅನ್ನುದೇ ಒಂದು ಪ್ರಶ್ನೆ ಆಗ್ತದೆ.

ಪಿಜಿ ಓನರ್, 11:33
ಪೊಲೀಸಿನ ಮೇಲೆ ಪೊಲೀಸಿಗೇ ದೂರು ಕೊಟ್ಟು ಎಂತ ಪ್ರಯೋಜನ ವಕೀಲ್ರೆ

ವಕೀಲ್ರು, 11:41
ಅದಕ್ಕೆಂತಲೇ ಪೊಲೀಸ್ ದೂರು ಪ್ರಾಧಿಕಾರ ಅಂತ ಉಂಟು. 2006ರ ಸೆಪ್ಟೆಂಬರಲ್ಲಿ ಪ್ರಕಾಶ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು, ಅದರಲ್ಲಿ ಒಂದು ಇದು. ಡಿವೈಎಸ್ಪಿವರೆಗಿನವರ ಮೇಲಿನ ದೂರು ಜಿಲ್ಲೆಯಲ್ಲಿ, ಎಸ್ಪಿ ಮತ್ತು ಮೇಲಿನವರದ್ದು ರಾಜ್ಯ ಮಟ್ಟದಲ್ಲಿ. ನಮ್ಮಲ್ಲಿ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಸೇರ್ಸಿದ್ರು. ನಿಜ ಹೇಳ್ಬೇಕಂದ್ರೆ ಕೋರ್ಟಿಗೆ ದಿನಾ ಹೋಗುವ ನನ್ನ ಹತ್ರ ಈವರೆಗೆ ಒಬ್ಬ ಕಕ್ಷಿದಾರ ಅದರ ಹೆಸ್ರು ಕೇಳ್ಕೊಂಡು ಬಂದದ್ದಿಲ್ಲ. ಒಂದು ಅರ್ಜಿ ನಾವೇ ಹಾಕಿ ನೋಡುವ. ಜೊತೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು, ಅವ್ರು ಫುಟೇಜ್ ತರಿಸ್ಬಹುದು. ಆಯೋಗಕ್ಕೆ ಘಟನೆ ಆಗಿ ಒಂದು ವರ್ಷದೊಳಗೆ ಹೋಗ್ಬೇಕು, ಮತ್ತೆ ತಗೊಳ್ಳುದಿಲ್ಲ.

ಬಾವಿಕಟ್ಟೆ ಮನೆ, ಮಧ್ಯಾಹ್ನ 2:15
ವೆನ್ಲಾಕಿಂದ ಈಗ ಬಂದೆವು. ಕಿವಿಯ ಪರದೆ ಸಣ್ಣ ತೂತು ಆಗಿದೆ ಅಂತೆ, ತನ್ನಷ್ಟಕ್ಕೆ ಕೂಡ್ತದೆ, ನೀರು ಹೋಗ್ಬಾರ್ದು. ಎಂಎಲ್‌ಸಿ ಆಯ್ತು. ಡಾಕ್ಟ್ರು ಹೇಗಾಯ್ತು ಕೇಳುವಾಗ ಇವ ಒಂದು ನಿಮಿಷ ಸುಮ್ಮನೆ ಕೂತ. ಆಮೇಲೆ ಹೇಳಿದ. ತಲೆಗೆ ಸ್ನಾನ ಮಾಡುವಾಗ ಹತ್ತಿಗೆ ತೆಂಗಿನೆಣ್ಣೆ ಮುಟ್ಟಿಸಿ ಇಡ್ಲಿಕ್ಕೆ ಹೇಳಿದ್ದಾರೆ.

ಫ್ಲಾಟ್ 304, 2:20
ಬೈಕ್ ಇಲ್ಲದೆ ಡ್ಯೂಟಿಗೆ ಹೇಗೆ ಹೋಗ್ತಾನೆ ಅಕ್ಕ? ನನ್ನ ಹಳೇ ಆಕ್ಟಿವಾ ನಿಂತದ್ದೇ ಉಂಟು ಕೆಳಗೆ. ಬ್ಯಾಟರಿ ಹಾಕ್ಸ್ಬೇಕು ಅಷ್ಟೇ, ಸಂಜೆ ಕಳ್ಸಿ ಅವನನ್ನು.

ಆದಿತ್ಯವಾರ

ಅಡ್ಮಿನ್, ರಾತ್ರಿ 8:45
ಬಂದವ್ರು 37 ಜನ, ಕಟ್ಟೆಯಲ್ಲಿ ಕೂರ್ಲಿಕ್ಕೆ ಜಾಗ ಇರ್ಲಿಲ್ಲ, ಒಳ್ಳೇದಾಯ್ತು. ಆದದ್ದು ಇಷ್ಟು. ಬೈಕಿನ ದೂರು ಹುಡುಗ ನಾಳೆ ವಕೀಲ್ರ ಒಟ್ಟಿಗೆ ಹೋಗಿ ಕೊಡುದು. ಪೆಟ್ಟಿನ ದೂರು ಕಮಿಷನರಿಗೆ, ಪ್ರಾಧಿಕಾರಕ್ಕೆ, ಆಯೋಗಕ್ಕೆ, ಅದು ಅವನ ಹೆಸ್ರಲ್ಲೇ, ನಮ್ಮ ಸೈನ್ ಇರುವ ಪುಟ ಹಿಂದೆ ಪಿನ್ ಮಾಡುದು. ಬೀಟ್ ಮತ್ತು ಸಿಬ್ಬಂದಿ ಬಗ್ಗೆ ಬೇರೆಯೇ ಮನವಿ, ಅದರಲ್ಲಿ 4ನೇ ಮನೆ ಮಾಮ ಹೇಳಿದ ವಾರದ ರಜೆ, ಟಾಯ್ಲೆಟ್ ವಿಷಯ ಕೂಡ ಉಂಟು. ಎರಡನ್ನೂ ಒಂದೇ ಪೇಪರಲ್ಲಿ ಹಾಕುದು ಬೇಡ ಅಂತ ಟೀಚರಮ್ಮ ಹೇಳಿದ್ದು ನಂಗೆ ಸರಿ ಕಂಡಿತು, ಇಲ್ಲದಿದ್ರೆ ಜನ ಕಮ್ಮಿ ಅನ್ನುದೇ ಪೆಟ್ಟಿಗೆ ಉತ್ತರ ಆಗ್ತದೆ. ಠಾಣೆಗೆ ದುಡ್ಡು, ಬ್ಯಾರಿಕೇಡ್ ಇಲ್ಲ. ಕ್ಯಾಶಿಯರ್ ಸಾರ್ ಒಪ್ಪಲಿಲ್ಲ, ಅದೂ ಬರ್ದಿದ್ದೇನೆ.

ಆರ್‌ಟಿಐ ನಾನು ಬರೀತಿದ್ದೇನೆ, ನಮ್ಮ ರಾಜ್ಯದಲ್ಲಿ 150 ಪದ ದಾಟ್ಬಾರ್ದು, ಒಂದೇ ವಿಷಯ ಇರ್ಬೇಕು ಅಂತ ರೂಲ್ ಉಂಟಂತೆ. ನನ್ನದು 212 ಆಗಿದೆ ಈಗ. ಕೇಳಿದ್ದು: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಓಓಡಿಯಲ್ಲಿ ಎಷ್ಟು ಜನ ಎಲ್ಲಿ, ರಾತ್ರಿ ಬೀಟ್ ಎಷ್ಟು, ಒಬ್ಬರಿಗೆ ಎಷ್ಟು ಬೀಟ್.

ವಕೀಲ್ರು, 8:52
"ತಮ್ಮ ಘನ ಕಚೇರಿಯ ಅವಗಾಹನೆಗೆ ಸವಿನಯವಾಗಿ" ಅಂತ ಇರುದೆಲ್ಲ ತೆಗೀರಿ, 40 ಪದ ಅಲ್ಲೇ ಹೋಗ್ತದೆ 😀 ಸಿಸಿಟಿವಿ ಪ್ರಶ್ನೆ ಇದಕ್ಕೆ ಸೇರಿಸ್ಬೇಡಿ, ಬೇರೆ ಅರ್ಜಿ, ಬೇರೆ 10 ರೂಪಾಯಿ ಪೋಸ್ಟಲ್ ಆರ್ಡರ್. 30 ದಿನ ಕಾಯ್ಬೇಕು.

ಸೋಮವಾರ

ವಕೀಲ್ರು, ಮಧ್ಯಾಹ್ನ 12:40
ಎಫ್ಐಆರ್ ಆಯ್ತು, ಪ್ರತಿ ಕೈಯಲ್ಲುಂಟು. ಒಂದೂವರೆ ಗಂಟೆ ಕೂರ್ಸಿದ್ರು, ಮಾತು ಮರ್ಯಾದೆಯಲ್ಲೇ ಇತ್ತು. ಅವತ್ತು ರಾತ್ರಿ ಮೇಜಿನಲ್ಲಿ ಇದ್ದವ್ರು ರಜೆ ಅಂತೆ. ಫುಟೇಜ್ ಲೆಟರಿಗೆ ಮೊದಲು ಸೀಲ್ ಹಾಕುದಿಲ್ಲ ಅಂದ್ರು. ಹಾಗಾದ್ರೆ ತಗೊಳ್ಳುದಿಲ್ಲ ಅಂತ ಬರ್ದು ಕೊಡಿ ಅಂದೆ. ಹಾಕಿದ್ರು. ಠಾಣೆಯ ಕ್ಯಾಮೆರಾ ಲೈಟು ಹುಡುಗನೇ ತೋರ್ಸಿದ, ಮೇಜಿನ ಮೇಲೆ ಸೀದಾ ಉಂಟು, ಕೆಂಪು ಉರೀತಾ ಇತ್ತು.

ಅಂಗಡಿ ಅಣ್ಣ, 12:48
ನಿನ್ನೆ ರಾತ್ರಿ ಬೈಕಲ್ಲಿ ಇಬ್ರು ಬಂದು ಡಬ್ಬಿ ತೆಗ್ದ್ರು. ಹಳೇ ಪುಸ್ತಕ ಹೋಯ್ತು, ಹೊಸದು ಇಟ್ಟಿದ್ದಾರೆ. ಫೋಟೊ ನನ್ನ ಹತ್ರ ಉಂಟು. ಹೊಸದರಲ್ಲಿ ಒಂದೇ ಸೈನು, 2:35.

ಅಡ್ಮಿನ್, ಸಂಜೆ 6:10
ಸೈನ್ ಪುಟ ಅಂಗಡಿಯಲ್ಲಿ ಉಂಟು, ಬುಧವಾರ ಕಳ್ಸುದು. ಬೀಟ್ ಮನವಿಗೆ 61 ಆಗಿದೆ. ಪೆಟ್ಟಿನ ದೂರಿಗೆ 23. ನಾನೇನೂ ಹೇಳುದಿಲ್ಲ, ಸಂಖ್ಯೆ ಮಾತ್ರ ಹೇಳಿದೆ.

ಪಿಜಿ ಓನರ್, 6:31
ನಮ್ಮಂಥವ್ರಿಗೆ ಲೈಸೆನ್ಸ್ ಗಿಲೈಸೆನ್ಸ್ ಅಂತ ದಿನಾ ಅವರ ಹತ್ರ ಕೆಲಸ ಇರ್ತದೆ ಅಡ್ಮಿನ್. ಅರ್ಥ ಮಾಡ್ಕೊಳ್ಳಿ

4ನೇ ಮನೆ ಮಾಮ, 6:40
ನಾನು ಎರಡಕ್ಕೂ ಹಾಕಿದೆ. ಮಗಳ ಹತ್ರ ಕೇಳಿಯೇ ಹಾಕಿದ್ದು.

ಕ್ಯಾಶಿಯರ್ (201), ರಾತ್ರಿ 9:55
ಪೆಟ್ಟಿನದ್ದಕ್ಕೆ ಹೆಂಡ್ತಿ ಹೆಸ್ರಲ್ಲಿ ಸೈನ್ ಹಾಕಿದ್ರೆ ಆಗ್ತದಾ?

ಹೆಡ್ ಮಾಮ, 9:56
ಆಗ್ತದೆ. ಆದ್ರೆ ಅವ್ರು ಬೆಳಿಗ್ಗೆಯೇ ಬಂದು ಹಾಕಿ ಆಗಿದೆ ಸಾರ್, 9ನೇ ನಂಬ್ರ. ನಿಮ್ಮದು ನೀವು ಹಾಕಿ.